ಚೋರ್ಲಾ ಘಾಟಿನಾಚೆ ದುಡಿಯುವವರಿಗೆ ಹನ್ನೊಂದು ತೆರಿಗೆ ಸೂತ್ರಗಳು

ಖಾನಾಪುರ ತಾಲ್ಲೂಕಿನಿಂದ ಗೋವಾಕ್ಕೆ ಇಳಿಯಲು ಎರಡು ದಾರಿ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟು ಒಂದು. ಲೋಂಡಾ, ರಾಮನಗರ, ಅನಮೋಡದ ಮೇಲೆ ಹಾಯ್ದು ಹೋಗುವುದು ಇನ್ನೊಂದು. ಎರಡರಲ್ಲೂ ನಸುಕಿನಲ್ಲೇ ಗಾಡಿಗಳ ಸಾಲು: ತರಕಾರಿ ಟೆಂಪೋ, ಸೆಂಟ್ರಿಂಗ್ ಸಾಮಾನು, ಗೌಂಡಿಗಳು, ಬಡಿಗೇರರು, ಪಿಒಪಿ ಹುಡುಗರು. ಬೆಳಗಾವಿಯಿಂದ ಇನ್ನೊಂದು ಕಡೆಗೆ ಹಿಂಡಲಗಾ, ಬಾಚಿ ದಾಟಿದರೆ ಶಿನೋಳಿ, ಅಂದರೆ ಮಹಾರಾಷ್ಟ್ರ. ಉದ್ಯಮಬಾಗದ ಲೇಥ್ ಮಾಲೀಕರಿಗೆ ಅದೊಂದು ಬೇರೆ ರಾಜ್ಯ ಅಂತ ಅನ್ನಿಸುವುದೇ ಇಲ್ಲ, ನೋಟಿಸು ಬರುವ ತನಕ. ಕೈಕೆಲಸ ಗೊತ್ತಿದ್ದವರಿಗೆ ಗಡಿಯಾಚೆ ದುಡ್ಡಿದೆ. ಆ ದುಡ್ಡು ಕೈಯಲ್ಲಿ ನಿಲ್ಲಬೇಕಾದರೆ ತಿಳಿದಿರಬೇಕಾದವು ಇಲ್ಲಿವೆ.

1. ವರಮಾನ ತೆರಿಗೆ ನಿಮ್ಮ ಹಿಂದೆ, ಜಿಎಸ್‌ಟಿ ನಿಮ್ಮ ಕೆಲಸದ ಹಿಂದೆ

"ಸಾಹೇಬ್ರ, ದುಡಿಯೂದು ಗೋವಾದಾಗ, ತೆರಿಗಿ ಬೆಳಗಾಂವದಾಗ ಯಾಕ್ರೀ?" ಲೆಕ್ಕಪತ್ರದವರ ಮುಂದೆ ಕೂತ ಮೇಸ್ತ್ರಿಗಳು ಕೇಳುವ ಪ್ರಶ್ನೆ ಇದು. ಉತ್ತರ ಎರಡು ತುಂಡಿನದು. ವರಮಾನ ತೆರಿಗೆ ಕೇಂದ್ರದ್ದು. ಪಣಜಿಯಲ್ಲಿ ದುಡಿಯಿರಿ, ಪುಣೆಯಲ್ಲಿ ದುಡಿಯಿರಿ, ಒಂದೇ ಪ್ಯಾನ್, ಒಂದೇ ರಿಟರ್ನ್. ಅದಕ್ಕೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ಜಿಎಸ್‌ಟಿ ಹಾಗಲ್ಲ. 2017ರ ಜುಲೈ 1ರಿಂದ ಅದು ಮಾಲು ಅಥವಾ ಸೇವೆ ಎಲ್ಲಿ ಮುಟ್ಟಿತು ಎಂಬುದನ್ನು ಕೇಳುತ್ತದೆ. ಬೆಳಗಾವಿಯವನು ಬೆಳಗಾವಿಯವನಿಗೆ ಬಿಲ್ ಮಾಡಿದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಗೋವಾದವನಿಗೆ ಮಾಡಿದರೆ ಐಜಿಎಸ್‌ಟಿ. ಗಿರಾಕಿ ಕೊಡುವ ಮೊತ್ತ ಅಷ್ಟೇ, ರಾಜ್ಯದ ಪಾಲು ಹೋಗುವ ಊರು ಬೇರೆ. ಬೆಳಗಾವಿ ಯಾರದು ಎಂಬ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಶಿನೋಳಿಗೆ ಮುಟ್ಟಿದ ಮಾಲಿನ ತೆರಿಗೆ ಯಾರದು ಎಂಬ ಬಗ್ಗೆ ಮಾತ್ರ ಎರಡೂ ಸರ್ಕಾರಗಳಿಗೆ ಸಂಶಯವಿಲ್ಲ.

2. ನೀವು ಮಾರುವುದು ಮಾಲೋ, ಸೇವೆಯೋ? ಮೊದಲು ಅದು ತೀರ್ಮಾನವಾಗಲಿ

ಗಡಿಯಾಚೆಯ ವ್ಯವಹಾರದಲ್ಲಿ ಹೆಚ್ಚು ಜನ ಎಡವುವ ಜಾಗ ಇದು. ಸೇವೆ ಮಾರುವವರಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ. ಬೇರೆ ರಾಜ್ಯದ ಗಿರಾಕಿಗೆ ಕೆಲಸ ಮಾಡಿದರೂ ಬೇಡ. 2017ರ ಅಕ್ಟೋಬರ್‌ನಲ್ಲಿ ಕೊಟ್ಟ ಈ ವಿನಾಯಿತಿ ಮಾಲಿಗೆ ಇಲ್ಲ. ರಾಜ್ಯದೊಳಗೆ ಮಾಲು ಮಾರುವವನಿಗೆ 40 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ, ಆದರೆ ತೆರಿಗೆಯುಳ್ಳ ಮಾಲನ್ನು ಗಡಿ ದಾಟಿಸಿ ಮಾರಿದರೆ ಮೊದಲ ರೂಪಾಯಿಗೇ ನೋಂದಣಿ ಬೇಕು.

ಖಾನಾಪುರದ ಒಬ್ಬ ಬಡಿಗೇರ ಮಡಗಾಂವದ ಮನೆಯೊಂದಕ್ಕೆ ಹೋಗಿ, ಮನೆಯವರೇ ತಂದಿಟ್ಟ ಪ್ಲೈವುಡ್ಡಿನಲ್ಲಿ ಕಪಾಟು ಮಾಡಿಕೊಟ್ಟು ಕೂಲಿ ತೆಗೆದುಕೊಂಡ ಎನ್ನಿ. ಅದು ಸೇವೆ. ಅವನೇ ಅದೇ ಅಳತೆಯ ಕಪಾಟನ್ನು ಖಾನಾಪುರದ ತನ್ನ ಶೆಡ್ಡಿನಲ್ಲಿ ಮಾಡಿ, ಟೆಂಪೋದಲ್ಲಿ ಹೇರಿ ಕಳಿಸಿದ. ಅದು ಮಾಲು. ಕೈ ಅದೇ, ಉಳಿ ಅದೇ; ಮೊದಲನೆಯದಕ್ಕೆ 20 ಲಕ್ಷದವರೆಗೆ ನಿಶ್ಚಿಂತೆ, ಎರಡನೆಯದಕ್ಕೆ ಮೊದಲ ಕಪಾಟಿನಿಂದಲೇ ನೋಂದಣಿ.

ಕುಂದಾದ ಕಥೆಯೂ ಹೀಗೇ. ಬೆಳಗಾವಿಯ ಅಂಗಡಿಯಲ್ಲಿ ಗೋವಾದ ಪ್ರವಾಸಿ ನಿಂತು ಕಾಲು ಕಿಲೋ ಕಟ್ಟಿಸಿಕೊಂಡು ಹೋದರೆ, ಬಿಲ್ಲಿನಲ್ಲಿ ಅವನ ವಿಳಾಸ ಇಲ್ಲದಿದ್ದರೆ, ಅದು ಬೆಳಗಾವಿಯ ಮಾರಾಟವೇ. ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಂಡು ಬಸ್ ಪಾರ್ಸೆಲ್‌ನಲ್ಲಿ ಮಾಪುಸಾಕ್ಕೆ ಕಳಿಸಿದರೆ ಅಂತರರಾಜ್ಯ ವ್ಯಾಪಾರ. ಮನೆಯಲ್ಲಿ ಕುಂದಾ ಮಾಡಿ ಕಳಿಸುವ ಅಕ್ಕಂದಿರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಕುಂಬಾರರಿಗೆ ಸ್ವಲ್ಪ ಸಡಿಲಿಕೆ ಇದೆ. ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದರಿಂದ ಈ ಮಾತು ಇಲ್ಲಿ ಬೇಕಾದದ್ದೇ. ಮಣ್ಣಿನ ಮಡಕೆ, ಹಣತೆಗೆ ಜಿಎಸ್‌ಟಿಯೇ ಇಲ್ಲ. ತೆರಿಗೆಯುಳ್ಳ ಟೆರಾಕೋಟಾ ಸಾಮಾನನ್ನು ಗೋವಾದ ಅಂಗಡಿಗೆ ಕಳಿಸುವುದಾದರೆ, ಅದು ಕರಕುಶಲ ವಸ್ತುಗಳ ಪಟ್ಟಿಯಲ್ಲಿದ್ದು ಮುಖ್ಯವಾಗಿ ಕೈಯಿಂದಲೇ ಮಾಡಿದ್ದಾಗಿದ್ದರೆ, ವಹಿವಾಟಿನ ಮಿತಿಯೊಳಗೆ ನೋಂದಣಿ ಇಲ್ಲದೆ ಕಳಿಸಬಹುದು. ಪ್ಯಾನ್ ಇರಬೇಕು. ಜೊತೆಗೆ ಇ-ವೇ ಬಿಲ್ ಇರಬೇಕು, ಮಾಲಿನ ಬೆಲೆ ಎಷ್ಟೇ ಇರಲಿ.

ವಹಿವಾಟನ್ನು ಊರೂರಿಗೆ ಹಂಚಿ ತೋರಿಸಿದರೆ ಮಿತಿಯೊಳಗೆ ಉಳಿಯಬಹುದು ಎಂಬ ಸಲಹೆ ಯಾರಾದರೂ ಕೊಟ್ಟರೆ ಚಹಾ ಕುಡಿಸಿ ಕಳಿಸಿಬಿಡಿ. ಲೆಕ್ಕ ಪ್ಯಾನ್ ಮೇಲೆ, ಇಡೀ ದೇಶದ್ದು.

3. ಕಂಪೋಸಿಷನ್ ಬೋರ್ಡು ಹಾಕಿಕೊಂಡು ಗಡಿ ದಾಟಬೇಡಿ

ವಹಿವಾಟಿನ ಶೇ. 1ರಷ್ಟು ಕಟ್ಟಿ ಸುಮ್ಮನಿರಬಹುದು ಎಂದು ಬೆಳಗಾವಿಯ ಎಷ್ಟೋ ಸಣ್ಣ ವ್ಯಾಪಾರಿಗಳು, ತಯಾರಕರು ಕಂಪೋಸಿಷನ್ ಯೋಜನೆಗೆ ಸೇರಿದ್ದಾರೆ. ಊರೊಳಗಿನ ವ್ಯಾಪಾರಕ್ಕೆ ಒಳ್ಳೆಯದೇ. ಆದರೆ ಆ ಯೋಜನೆಯಲ್ಲಿದ್ದವರು ಬೇರೆ ರಾಜ್ಯಕ್ಕೆ ಮಾರುವಂತಿಲ್ಲ. ಬೇರೆ ರಾಜ್ಯದಿಂದ ಕೊಳ್ಳಬಹುದು, ಮಾರುವಂತಿಲ್ಲ. ಚಂದಗಡದ ಒಬ್ಬ ಗಿರಾಕಿಗೆ ಕಳಿಸಿದ ಒಂದು ಬಿಲ್ಲಿನಿಂದ ಯೋಜನೆಯ ಅರ್ಹತೆಯೇ ಹೋಗುತ್ತದೆ. ಆ ಮೇಲೆ ಮಾಮೂಲಿ ದರದಲ್ಲಿ ತೆರಿಗೆ, ದಂಡ ಬೇರೆ. ಆಚೆಯ ಗಿರಾಕಿ ಸಿಗುವ ಸೂಚನೆ ಕಂಡರೆ ಮೊದಲು ಯೋಜನೆಯಿಂದ ಹೊರಬನ್ನಿ, ಆಮೇಲೆ ದರ ಹೇಳಿ.

4. ಕಟ್ಟಡ ಕೆಲಸದವರು ಸಿಮೆಂಟ್ ಎಲ್ಲಿ ಕೊಳ್ಳಬೇಕು ಎಂಬುದನ್ನು ತೆರಿಗೆ ನೋಡಿ ನಿರ್ಧರಿಸಿ

ನಿವೇಶನ, ಕಟ್ಟಡಕ್ಕೆ ಸಂಬಂಧಿಸಿದ ಸೇವೆಗೆ ಕಟ್ಟಡ ಇರುವ ಊರೇ ಸೇವೆ ಮುಟ್ಟಿದ ಊರು. ಗಿರಾಕಿ ಬೆಂಗಳೂರಿನಲ್ಲಿದ್ದು ಅವರ ಬಂಗಲೆ ಕಲಂಗುಟದಲ್ಲಿದ್ದರೆ, ನಿಮ್ಮ ಬಿಲ್ಲಿಗೆ ಗೋವಾ ಲೆಕ್ಕ. ಬೆಳಗಾವಿಯ ಗುತ್ತಿಗೆದಾರ ಬೆಳಗಾವಿಯ ನೋಂದಣಿಯಲ್ಲೇ ಐಜಿಎಸ್‌ಟಿ ಹಾಕಿ ಬಿಲ್ ಕೊಡಬಹುದು. ಅಲ್ಲಿಯವರೆಗೆ ಸರಳ.

ತೊಡಕು ಖರೀದಿಯಲ್ಲಿದೆ. ಪೋಂಡಾದ ಅಂಗಡಿಯಲ್ಲಿ ಸಿಮೆಂಟು, ಕಬ್ಬಿಣ ಕೊಂಡು ಅಲ್ಲಿಯ ಸೈಟಿಗೇ ಇಳಿಸಿಕೊಂಡಿರಿ ಎನ್ನಿ. ಅಂಗಡಿಯವನು ಗೋವಾದ ಎಸ್‌ಜಿಎಸ್‌ಟಿ, ಜೊತೆಗೆ ಸಿಜಿಎಸ್‌ಟಿ ಹಾಕುತ್ತಾನೆ. ಕರ್ನಾಟಕದ ನೋಂದಣಿಯಲ್ಲಿ ಆ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. 1 ಲಕ್ಷ ರೂಪಾಯಿಯ ಕಬ್ಬಿಣಕ್ಕೆ ಶೇ. 18ರಂತೆ 18,000 ರೂಪಾಯಿ ನಿಮ್ಮ ಜೇಬಿನಿಂದ ಹೋಯಿತು. ಗಿರಾಕಿಗೆ ಹಾಕಿದ ಬಿಲ್ಲಿನ ಮೇಲಿನ ಐಜಿಎಸ್‌ಟಿಯನ್ನು ಮತ್ತೆ ಪೂರ್ತಿ ಕಟ್ಟಬೇಕು. ಅದೇ ಕಬ್ಬಿಣವನ್ನು ಬೆಳಗಾವಿಯಲ್ಲಿ ನಿಮ್ಮ ಹೆಸರಿನ ಬಿಲ್ಲಿನಲ್ಲಿ ಕೊಂಡು ಒಯ್ದಿದ್ದರೆ ಆ 18,000 ವಜಾ ಆಗುತ್ತಿತ್ತು. ಘಾಟಿನ ಬಾಡಿಗೆ ಅದಕ್ಕಿಂತ ಕಡಿಮೆಯೋ ಹೆಚ್ಚೋ ಎಂಬುದು ಆಮೇಲಿನ ಮಾತು. ಗೋವಾದಲ್ಲಿ ತಂಗಿದ ಲಾಡ್ಜಿನ ಬಿಲ್ಲಿಗೂ ಇದೇ ಗತಿ. ದರ ಹೇಳುವಾಗಲೇ ಈ ನಷ್ಟ ಸೇರಿಸಿ ಹೇಳದವರು ಕೆಲಸ ಮುಗಿದ ಮೇಲೆ "ಲಾಭ ಎಲ್ಲಿ ಹೋತೋ ಏನೋ" ಅನ್ನುತ್ತಾರೆ.

ಇನ್ನೊಂದು ಪ್ರಶ್ನೆ, ಕೆಲಸ ಎಷ್ಟು ದಿನದ್ದು? ಎರಡು ವಾರದ ವಾಟರ್‌ಪ್ರೂಫಿಂಗ್‌ಗೂ ಒಂದೂವರೆ ವರ್ಷದ ರೆಸಾರ್ಟ್ ಕಟ್ಟಡಕ್ಕೂ ವ್ಯತ್ಯಾಸವಿದೆ. ಆಚೆ ಸೈಟ್ ಆಫೀಸು ಹಾಕಿ, ಗೋದಾಮು ಹಿಡಿದು, ಆಳು ಇಟ್ಟುಕೊಂಡು ಅಲ್ಲಿಂದಲೇ ಕೆಲಸ ನಡೆಸಿದರೆ ಅದು ಅಲ್ಲಿಯ ಸ್ಥಿರ ನೆಲೆ. ಗೋವಾದ ಪ್ರತ್ಯೇಕ ನೋಂದಣಿ ಮಾಡಿಸಲೇಬೇಕು. ಹಾಗೆ ಮಾಡಿಸಿದರೆ ಪೋಂಡಾದ ಕಬ್ಬಿಣದ ಕ್ರೆಡಿಟ್ಟೂ ಅಲ್ಲೇ ಸಿಗುತ್ತದೆ.

ಅಲ್ಲಿ ಕಾಯಂ ಜಾಗವಿಲ್ಲದೆ ಯಾವಾಗಲಾದರೊಮ್ಮೆ ವ್ಯಾಪಾರ ಮಾಡುವವರಿಗೆ, ಉದಾಹರಣೆಗೆ ಪ್ರದರ್ಶನದಲ್ಲಿ ಮಳಿಗೆ ಹಾಕುವವರಿಗೆ, ತಾತ್ಕಾಲಿಕ ನೋಂದಣಿ ಇದೆ. ವ್ಯಾಪಾರ ಶುರುವಾಗುವ ಕನಿಷ್ಠ 5 ದಿನ ಮುಂಚೆ ಅರ್ಜಿ ಹಾಕಿ, ಬರಬಹುದಾದ ತೆರಿಗೆಯನ್ನು ಅಂದಾಜು ಮಾಡಿ ಮುಂಗಡ ಕಟ್ಟಬೇಕು. 90 ದಿನ ನಡೆಯುತ್ತದೆ, ಮತ್ತೆ 90 ದಿನ ಮುಂದೂಡಬಹುದು.

5. ಶಿನೋಳಿಯ ಜಾಬ್ ವರ್ಕಿಗೆ ಚಲನ್ ಇಲ್ಲದೆ ಒಂದು ಕಾಸ್ಟಿಂಗ್ ಕೂಡ ಹೋಗಬಾರದು

ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳಲ್ಲಿ ಎರಕ ಹೊಯ್ದ ಮಾಲು ಮಷಿನಿಂಗಿಗೆ ಆಚೆ ಹೋಗುತ್ತದೆ, ಕೊಲ್ಹಾಪುರದ ಶಿರೋಳಿ, ಗೋಕುಳ ಶಿರಗಾಂವದ ಮಾಲು ಈಚೆ ಬರುತ್ತದೆ. ಜಾಬ್ ವರ್ಕಿಗೆ ಕಳಿಸುವ ಮಾಲಿಗೆ ತೆರಿಗೆ ಕಟ್ಟಬೇಕಿಲ್ಲ, ಡೆಲಿವರಿ ಚಲನ್ ಸಾಕು. ಮಾಲು ಒಂದು ವರ್ಷದೊಳಗೆ ತಿರುಗಿ ಬರಬೇಕು, ಯಂತ್ರಗಳಾದರೆ ಮೂರು ವರ್ಷದೊಳಗೆ. ಬರದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ, ಬಡ್ಡಿ ಸಮೇತ. ಶೆಡ್ಡಿನ ಮೂಲೆಯಲ್ಲಿ ಮರೆತು ಬಿದ್ದ ರಿಜೆಕ್ಟ್ ಕಾಸ್ಟಿಂಗ್‌ಗಳು ಲೆಕ್ಕಪರಿಶೋಧನೆಯ ಹೊತ್ತಿಗೆ ನೆನಪಾಗುತ್ತವೆ.

ಇ-ವೇ ಬಿಲ್ಲಿಗೆ 50,000 ರೂಪಾಯಿಯ ಮಿತಿ ಇದೆ ಎಂದು ಎಲ್ಲರಿಗೂ ಗೊತ್ತು. ಒಂದು ರಾಜ್ಯದ ಮಾಲೀಕ ಇನ್ನೊಂದು ರಾಜ್ಯದ ಜಾಬ್ ವರ್ಕರ್‌ಗೆ ಕಳಿಸುವಾಗ ಆ ಮಿತಿ ಇಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 8,000 ರೂಪಾಯಿಯ ಮಾಲನ್ನು ಮೋಟಾರ್‌ಸೈಕಲ್ಲಿಗೆ ಕಟ್ಟಿಕೊಂಡು ಬಾಚಿ ದಾಟಿದರೂ ಇ-ವೇ ಬಿಲ್ ಬೇಕು.

ಒಂದೆರಡು ಲೇಥ್ ಇಟ್ಟುಕೊಂಡ ಸಣ್ಣ ಜಾಬ್ ವರ್ಕರ್ 20 ಲಕ್ಷದೊಳಗಿದ್ದರೆ ಬೇರೆ ರಾಜ್ಯದ ಕೆಲಸ ಹಿಡಿದರೂ ನೋಂದಣಿ ಬೇಡ. ಚಿನ್ನ ಬೆಳ್ಳಿಯ ಕೆಲಸಕ್ಕೆ ಈ ಸೌಲಭ್ಯವಿಲ್ಲ.

6. ಚೆಕ್‌ಪೋಸ್ಟ್ ಹೋದವು, ತಪಾಸಣೆ ಹೋಗಿಲ್ಲ

ವ್ಯಾಟ್ ಕಾಲದಲ್ಲಿ ಕೊಗನೊಳ್ಳಿಯಲ್ಲಿ ಲಾರಿಗಳ ಸಾಲು, ಕೈಯಲ್ಲಿ ಸಿ ಫಾರ್ಮು. ಈಗ ಆ ಸಾಲಿಲ್ಲ, ಸಂಚಾರಿ ದಳ ಯಾವ ತಿರುವಿನಲ್ಲಾದರೂ ಕೈ ಮಾಡಬಹುದು. ಇ-ವೇ ಬಿಲ್ 200 ಕಿಲೋಮೀಟರಿಗೆ ಒಂದು ದಿನ ನಡೆಯುತ್ತದೆ. ಬೆಳಗಾವಿಯಿಂದ ಪಣಜಿಗೂ ಕೊಲ್ಹಾಪುರಕ್ಕೂ ಅದು ಧಾರಾಳ. ಆದರೆ ಮಳೆಗಾಲದ ಚೋರ್ಲಾ ಯಾರ ಮಾತೂ ಕೇಳುವುದಿಲ್ಲ. ಗಾಡಿ ಕೆಟ್ಟು ಮಾಲನ್ನು ಬೇರೆ ಗಾಡಿಗೆ ಹಾಕಿದರೆ ಹೊಸ ಗಾಡಿಯ ನಂಬರನ್ನು ಅಲ್ಲೇ ನಿಂತು ಬದಲಿಸಿ. ಅವಧಿ ತೀರುವ 8 ಗಂಟೆ ಮುಂಚಿನಿಂದ ತೀರಿದ 8 ಗಂಟೆಯ ತನಕ ಮುಂದೂಡಲು ಅವಕಾಶವಿದೆ. ಘಾಟಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ; ಈ ಕೆಲಸವನ್ನು ಬೆಳಗಾವಿಯಲ್ಲಿ ಕೂತ ಒಬ್ಬರಿಗೆ ಮೊದಲೇ ವಹಿಸಿಡಿ. ಸಿಕ್ಕಿಬಿದ್ದರೆ, ಮಾಲೀಕ ಮುಂದೆ ಬಂದು ಬಿಡಿಸಿಕೊಂಡರೂ, ತೆರಿಗೆಯ ಎರಡು ಪಟ್ಟು ದಂಡ.

ಎರಡು ಅವಧಿಯ ರಿಟರ್ನ್ ಸಲ್ಲಿಸದಿದ್ದರೆ ಇ-ವೇ ಬಿಲ್ ಹುಟ್ಟುವುದೇ ಇಲ್ಲ. ಮಾಲು ತುಂಬಿ ನಿಂತ ಮೇಲೆ ಇದು ಗೊತ್ತಾದರೆ ಏನೂ ಮಾಡಲಾಗದು.

7. ತರಕಾರಿಯವರು ಹೆದರಬೇಡಿ

ಗೋವಾದ ಅಡುಗೆಮನೆ ಬೆಳಗಾವಿಯ ತರಕಾರಿ ಇಲ್ಲದೆ ನಡೆಯುವುದಿಲ್ಲ. ತಾಜಾ ತರಕಾರಿಗೆ, ಹಾಲಿಗೆ ಜಿಎಸ್‌ಟಿ ಇಲ್ಲ. ಬರೀ ಅದನ್ನೇ ಮಾರುವವರಿಗೆ ನೋಂದಣಿ ಬೇಡ, ಇ-ವೇ ಬಿಲ್ಲೂ ಬೇಡ, ಎಷ್ಟು ಟೆಂಪೋ ಇಳಿಸಿದರೂ ಸರಿ. ತಾನು ಬೆಳೆದದ್ದನ್ನು ಮಾರಿದ ರೈತನ ಆದಾಯ ಕೃಷಿ ಆದಾಯ. ಮಾರ್ಕೆಟ್ಟಿನಲ್ಲಿ ಕೊಂಡು ಮಾಪುಸಾದಲ್ಲಿ ಮಾರಿದವನದು ವ್ಯಾಪಾರದ ಆದಾಯ, ಅದಕ್ಕೆ ವರಮಾನ ತೆರಿಗೆ ರಿಟರ್ನ್ ಬೇಕು. ಇಬ್ಬರೂ ಒಂದೇ ಟೆಂಪೋದಲ್ಲಿ ಕೂತು ಹೋಗುತ್ತಾರೆ ಎಂಬುದು ಇಲಾಖೆಗೆ ಸಂಬಂಧವಿಲ್ಲದ ವಿಷಯ.

8. ಹಿಡಿದುಕೊಂಡ ಟಿಡಿಎಸ್ ನಿಮ್ಮದೇ ದುಡ್ಡು

ರೆಸಾರ್ಟಿನವರು, ಬಿಲ್ಡರ್‌ಗಳು ಗುತ್ತಿಗೆಯ ಬಿಲ್ಲಿನಲ್ಲಿ ಟಿಡಿಎಸ್ ಹಿಡಿಯುತ್ತಾರೆ. ವ್ಯಕ್ತಿಯಾದರೆ ಶೇ. 1, ಒಂದು ಬಿಲ್ 30,000 ಅಥವಾ ವರ್ಷದ ಒಟ್ಟು 1 ಲಕ್ಷ ರೂಪಾಯಿ ದಾಟಿದರೆ. ಪ್ಯಾನ್ ಕೊಡದಿದ್ದರೆ ಶೇ. 20. ಖಾನಾಪುರದ ಕಡೆಯ ಲೇಬರ್ ಗುತ್ತಿಗೆದಾರರಲ್ಲಿ ಇದನ್ನು "ಕಮಿಷನ್ ಕಟ್" ಎಂದು ತಿಳಿದು ಬಿಟ್ಟುಬಿಡುವವರಿದ್ದಾರೆ. ಅದು ಯಾರ ಕಮಿಷನ್ನೂ ಅಲ್ಲ, ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರದಲ್ಲಿ ಇಟ್ಟ ಹಣ. 12 ಲಕ್ಷದ ಕೆಲಸಕ್ಕೆ 12,000 ರೂಪಾಯಿ ಹಿಡಿದಿದ್ದು, ನಿಮ್ಮ ತೆರಿಗೆ ಸೊನ್ನೆಯಾಗಿದ್ದರೆ, ಆ 12,000 ಪೂರ್ತಿ ವಾಪಸ್ ಬರುತ್ತದೆ. ಬರಬೇಕಾದರೆ ರಿಟರ್ನ್ ಹಾಕಬೇಕು, ಅಷ್ಟೇ. ಹಿಡಿದದ್ದನ್ನು ಅವರು ಕಟ್ಟಿದ್ದಾರೋ ಇಲ್ಲವೋ ಎಂಬುದು 26ಎಎಸ್ ತೆಗೆದು ನೋಡಿದರೆ ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ನೋಡಿ. ಕೊನೆಯ ಕಂತಿನ ಹಣ ಬಾಕಿ ಇರುವಾಗಲೇ ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿ, ಆಗ ಟಿಡಿಎಸ್ ಜಿಎಸ್‌ಟಿ ಬಿಟ್ಟ ಮೊತ್ತಕ್ಕೆ ಮಾತ್ರ.

9. ಅಂದಾಜು ತೆರಿಗೆಯಲ್ಲಿ ನಿಮ್ಮ ಮನೆ ಯಾವುದು?

ಲೆಕ್ಕದ ಪುಸ್ತಕ ಇಡಲಾಗದವರಿಗೆ ಅಂದಾಜು ಲಾಭದ ದಾರಿ ಇದೆ. ಸಿಎಗಳು ಇನ್ನೂ 44ಎಡಿ, 44ಎಡಿಎ, 44ಎಇ ಎಂದೇ ಕರೆಯುತ್ತಾರೆ. 2025ರ ವರಮಾನ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಗಳು ಬದಲಾಗಿವೆ, ಒಳಗಿನ ಲೆಕ್ಕ ಅದೇ. ಗುತ್ತಿಗೆದಾರ, ಬಡಿಗೇರ, ವ್ಯಾಪಾರಿಗೆ ಬ್ಯಾಂಕ್ ಮೂಲಕ ಬಂದದ್ದರಲ್ಲಿ ಶೇ. 6, ನಗದಿನಲ್ಲಿ ಬಂದದ್ದರಲ್ಲಿ ಶೇ. 8 ಲಾಭ ಎಂದು ಹಿಡಿಯಬಹುದು. ಎಂಜಿನಿಯರ್, ಆರ್ಕಿಟೆಕ್ಟ್, ವೈದ್ಯ, ವಕೀಲರಿಗೆ ಶೇ. 50.

ಇಲ್ಲೊಂದು ಗುಂಡಿ. ಕಾಯ್ದೆಯ ಕಣ್ಣಿನಲ್ಲಿ ಇಂಟೀರಿಯರ್ ಡೆಕೊರೇಷನ್ ವೃತ್ತಿಪರರ ಪಟ್ಟಿಗೆ ಸೇರಿದ್ದು. ಊರಲ್ಲಿ ಬಡಿಗ ಎನಿಸಿಕೊಂಡವರು ಗೋವಾ ದರ ಸಿಗಲಿ ಎಂದು ವಿಸಿಟಿಂಗ್ ಕಾರ್ಡಿನಲ್ಲಿ ಇಂಟೀರಿಯರ್ ಡೆಕೊರೇಟರ್ ಎಂದು ಅಚ್ಚು ಹಾಕಿಸಿಕೊಳ್ಳುತ್ತಾರೆ. ಬಿಲ್ಲಿನಲ್ಲೂ ಅದನ್ನೇ ಬರೆದರೆ 6ರ ಜಾಗದಲ್ಲಿ 50 ಬಂದು ಕೂರಬಹುದು. ಕಪಾಟು ಮಾಡಿದ್ದರೆ ಕಪಾಟು ಅಂತಲೇ ಬರೆಯಿರಿ. ದಲಾಲಿ, ಕಮಿಷನ್ ವ್ಯವಹಾರದವರಿಗೆ ಶೇ. 6ರ ದಾರಿಯೇ ಇಲ್ಲ.

ಟೆಂಪೋ ಇಟ್ಟವರಿಗೆ ಗಾಡಿಯೊಂದಕ್ಕೆ ತಿಂಗಳಿಗೆ 7,500 ರೂಪಾಯಿ ಎಂದು ಲೆಕ್ಕ. 12 ಟನ್ ಮೀರಿದ ಲಾರಿಯಾದರೆ ಟನ್ನಿಗೆ 1,000. ಹತ್ತು ಗಾಡಿಗಳವರೆಗೆ ಮಾತ್ರ. ಶೇ. 6 ಮತ್ತು ಶೇ. 50ರ ದಾರಿ ಹಿಡಿದವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರೆ ಸಾಕು.

10. ಸಣ್ಣ ತೆರಿಗೆಗಳು: ವೃತ್ತಿ ಮತ್ತು ಪಾಸಿಂಗ್

ಸಂವಿಧಾನದ 276ನೇ ವಿಧಿಯಂತೆ ವೃತ್ತಿ ತೆರಿಗೆ ಒಂದು ರಾಜ್ಯಕ್ಕೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಶಿನೋಳಿಯಲ್ಲಿ ಶೆಡ್ ಹಾಕಿ ಮಹಾರಾಷ್ಟ್ರದ ಜಿಎಸ್‌ಟಿ ನೋಂದಣಿ ಪಡೆದರೆ ಅಲ್ಲಿಯ ವೃತ್ತಿ ತೆರಿಗೆಯೂ ಬೆನ್ನಿಗೆ ಬರುತ್ತದೆ. ಬೇರೆ ರಾಜ್ಯದ ಪಾಸಿಂಗ್ ಗಾಡಿ ಅಗ್ಗ ಎಂದು ತಂದು ಬೆಳಗಾವಿಯಲ್ಲಿ ಓಡಿಸುವವರಿಗೆ ಒಂದು ಮಾತು: 12 ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಕೆಎ-22 ಮಾಡಿಸಲೇಬೇಕು, ಇಲ್ಲಿಯ ತೆರಿಗೆ ಕಟ್ಟಲೇಬೇಕು.

11. ಗಿರಾಕಿ ಅಮೆರಿಕದಲ್ಲಿದ್ದರೆ

ಟಿಳಕವಾಡಿಯ ಕೋಣೆಯಲ್ಲಿ ಕೂತು ಟೆಕ್ಸಾಸಿನ ಕಂಪನಿಗೆ ಕೋಡ್ ಬರೆಯುವ ಹುಡುಗ ಹುಡುಗಿಯರಿಗೂ ಮೊದಲ ಸೂತ್ರವೇ. ಕೆಲಸ ನಡೆದದ್ದು ಭಾರತದಲ್ಲಿ, ಹಾಗಾಗಿ ಅಮೆರಿಕಕ್ಕೆ ತೆರಿಗೆ ಇಲ್ಲ. ಅಲ್ಲಿಯವರು ಕೇಳುವ ಡಬ್ಲ್ಯು-8ಬೆನ್ ನಮೂನೆ ತುಂಬಿ ಕಳಿಸಿ. ಸಹಿ ಮಾಡಿದ ವರ್ಷ ಬಿಟ್ಟು ಮುಂದಿನ ಮೂರು ಕ್ಯಾಲೆಂಡರ್ ವರ್ಷ ನಡೆಯುತ್ತದೆ. ಕೊಡದಿದ್ದರೆ ಅಲ್ಲೇ ಹಿಡಿದುಕೊಂಡು ಕಳಿಸುತ್ತಾರೆ, ವಾಪಸ್ ಪಡೆಯುವುದು ತಲೆನೋವು. ಜಿಎಸ್‌ಟಿಯಲ್ಲಿ ಇದು ರಫ್ತು. ಹಣ ವಿದೇಶಿ ಕರೆನ್ಸಿಯಲ್ಲಿ ಬಂದಿರಬೇಕು, ಬ್ಯಾಂಕಿನಿಂದ ಅದರ ಪತ್ರ ತೆಗೆದಿಡಬೇಕು. ನೋಂದಣಿ ಇದ್ದವರು ಪ್ರತಿ ಆರ್ಥಿಕ ವರ್ಷಕ್ಕೂ ಮುಚ್ಚಳಿಕೆ ಸಲ್ಲಿಸಿದರೆ ತೆರಿಗೆ ಕಟ್ಟದೆ ಬಿಲ್ ಮಾಡಬಹುದು. ಏಪ್ರಿಲ್‌ನಲ್ಲಿ ಅದನ್ನು ನವೀಕರಿಸಲು ಮರೆಯುವವರೇ ಹೆಚ್ಚು.

ಅಲ್ಲಿಗೇ ಹೋಗಿ ಸ್ವಂತವಾಗಿ ವೃತ್ತಿ ಮಾಡಿದರೆ ಲೆಕ್ಕ ಬೇರೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ಅಲ್ಲೊಂದು ಕಾಯಂ ಕಚೇರಿ ಇದ್ದರೆ, ಇಲ್ಲವೇ ವರ್ಷದಲ್ಲಿ ಒಟ್ಟು 90 ದಿನ ಅಥವಾ ಅದಕ್ಕಿಂತ ಹೆಚ್ಚು ಉಳಿದರೆ, ಅಲ್ಲಿ ದುಡಿದದ್ದಕ್ಕೆ ಅಮೆರಿಕ ತೆರಿಗೆ ಹಾಕಬಹುದು. ಅಲ್ಲಿ ಕಟ್ಟಿದ್ದನ್ನು ಇಲ್ಲಿ ವಜಾ ಕೇಳಬಹುದು. ಸಾಮಾಜಿಕ ಭದ್ರತೆಯ ವಿಷಯದಲ್ಲಿ ಕೆನಡಾದವರು ಪುಣ್ಯವಂತರು. 1984ರಿಂದ ಅವರಿಗೂ ಅಮೆರಿಕಕ್ಕೂ ಒಪ್ಪಂದವಿದೆ, ಸ್ವಂತ ಉದ್ಯೋಗಿ ತಾನು ವಾಸಿಸುವ ದೇಶಕ್ಕಷ್ಟೇ ವಂತಿಗೆ ಕಟ್ಟುತ್ತಾನೆ. ನಮಗೆ ಕೆನಡಾ ಜೊತೆ 2015ರ ಆಗಸ್ಟ್‌ನಿಂದ ಅಂಥದ್ದೊಂದು ಒಪ್ಪಂದವಿದೆ, ಅಮೆರಿಕದ ಜೊತೆ ಇಲ್ಲ. ಅಲ್ಲಿ ನೆಲೆಸಿ ಸ್ವಂತ ಉದ್ಯೋಗ ಹಿಡಿದ ನಮ್ಮವರು ಶೇ. 15.3ರ ಸ್ವ-ಉದ್ಯೋಗ ತೆರಿಗೆ ಕಟ್ಟುತ್ತಾರೆ, ಅದಕ್ಕೆ ಬೆಳಗಾವಿಯಲ್ಲಿ ಯಾವ ವಜಾವೂ ಇಲ್ಲ.

ಕೊನೆಗೆ, ಗೋವಾದ ಕೆಲಸ ಮುಗಿಸಿ ಸಾಮಾನು ಹೇರುವ ದಿನದ ಮಾತು. ಅಲ್ಲಿಯ ಜಿಎಸ್‌ಟಿ ನೋಂದಣಿಯನ್ನು ಹಾಗೇ ಬಿಟ್ಟು ಬರಬೇಡಿ. ಒಂದು ರೂಪಾಯಿ ವ್ಯಾಪಾರ ಇಲ್ಲದಿದ್ದರೂ ರಿಟರ್ನ್ ಹಾಕಲೇಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ಏರುತ್ತಾ ಹೋಗುತ್ತದೆ. ರದ್ದತಿ ಅರ್ಜಿ ಹಾಕಿ, ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಸಲ್ಲಿಸಿ. ತಾತ್ಕಾಲಿಕ ನೋಂದಣಿಯವರ ಮುಂಗಡದಲ್ಲಿ ಉಳಿದ ಹಣ ಎಲ್ಲ ರಿಟರ್ನ್ ಸಲ್ಲಿಕೆಯಾದ ಮೇಲೆಯೇ ವಾಪಸ್ ಬರುವುದು.